ಹಲ್ಲಿನ ಡಾಕ್ಟರು ಬಂದೂಕಿನ ಪಿನ್ನು ಕಿತ್ತದ್ದು

"ಹನ್ನೊಂದು ಸಾವಿರ ಹಲ್ಲು ಕಿತ್ತಿರೋ ಕೈ ಕಣೇ ಇದು! ಯಃಕಶ್ಚಿತ್ ಒಂದು ಪಿನ್ನು ನನ್ನೆದುರು ನಿಲ್ಲುತ್ತಾ?"

ಶುಕ್ರವಾರ ಸಂಜೆ ಹಲ್ಲಿನ ಡಾಕ್ಟರು ನಡುಮನೆಯಲ್ಲಿ ನಿಂತು, ಬಲಗೈಯನ್ನು ಬಾವುಟದ ಹಾಗೆ ಮೇಲೆತ್ತಿ ಈ ಘೋಷಣೆ ಮಾಡಿದಾಗ ಅವರ ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ವಾರವೆಲ್ಲಾ ಬೀಜಗಣಿತ ಹೇಳಿ ಬಂದ ತಲೆನೋವು ಇಳಿಸಿಕೊಳ್ಳಲು ಭಾನುವಾರ ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತಿದ್ದರು. ಹತ್ತು ಮೀಟರು ದೂರದಲ್ಲಿರುವ ಕಾಗದದ ಕರಿಚುಕ್ಕೆಗೆ ಏರ್ ರೈಫಲ್ಲಿನಿಂದ ಸಾಸಿವೆ ಕಾಳಿಗೆ ಗುರಿಯಿಟ್ಟ ಹಾಗೆ ಹೊಡೆಯುತ್ತಿದ್ದರು. ಈ ಭಾನುವಾರ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ. ಮೂರು ವರ್ಷದಿಂದ ಎರಡನೇ ಸ್ಥಾನದಲ್ಲೇ ಕೂತಿದ್ದ ಟೀಚರಿಗೆ ಈ ಸಲ ಮೊದಲ ಬಹುಮಾನದ ಕಪ್ಪು ಮನೆಗೆ ಬಂದೇ ಬರುತ್ತದೆ ಅಂತ ನಂಬಿಕೆ.

ಆ ನಂಬಿಕೆಯ ಮೇಲೆ ಬಿದ್ದದ್ದು ಛತ್ರಿ. ಮಧ್ಯಾಹ್ನ ಡಾಕ್ಟರು ಬೀರುವಿನ ಹಿಂದೆ ಛತ್ರಿ ಹುಡುಕಲು ಹೋಗಿ, ಛತ್ರಿ ಎಳೆದರೆ ರೈಫಲ್ಲು ಬಂತು. ಬಂದದ್ದು ನೆಟ್ಟಗೆ ಬರಲಿಲ್ಲ, ಮೂಗು ಕೆಳಗೆ ಮಾಡಿಕೊಂಡು ನೆಲಕ್ಕೆ ದಢಾರನೆ ಬಿತ್ತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಪುಟ್ಟ ಉಕ್ಕಿನ ಉಂಗುರ ಇರುತ್ತದೆ. ಕ್ಲಬ್ಬಿನವರು ಅದಕ್ಕೆ ಸೈಟು ಅನ್ನುತ್ತಾರೆ. ಆ ಸೈಟು ಮುನಿಸಿಕೊಂಡ ಅತ್ತೆಯ ಹಾಗೆ ಮುಖ ಒಂದು ಕಡೆ ತಿರುಗಿಸಿ ಕೂತಿತ್ತು.

"ರೈಫಲ್ಲಿನ ಪೆಟ್ಟಿಗೇಲಿ ಹೊಸ ಸೈಟಿದೆ," ಅಂದರು ಟೀಚರು, ಕೆಂಪು ಪೆನ್ನು ಕೆಳಗಿಡದೆ. "ಹಳೇದು ಅಡ್ಡ ಪಿನ್ನು ಹೊಡೆದು ಕೂರಿಸಿರೋದು. ನಾಳೆ ಸಂಜೆ ಕ್ಲಬ್ಬಿನ ರಿಪೇರಿಯವರ ಹತ್ರ ತೆಗೆಸ್ತೀನಿ. ನೀವು ಮಾತ್ರ ಅದನ್ನ ಮುಟ್ಟಬೇಡಿ."

"ಬೀಳಿಸಿದವನು ನಾನು. ಎತ್ತಿ ನಿಲ್ಲಿಸೋನೂ ನಾನೇ!"

"ಮುಟ್ಟಬೇಡಿ ಅಂದೆ."

"ಹಲ್ಲಿನ ಬೇರಿಗಿಂತಾ ಈ ಪಿನ್ನಿನ ಬೇರು ಆಳವಾ?"

"ಪಿನ್ನಿಗೆ ಬೇರಿಲ್ಲ ರೀ."

"ಹಾಗಾದ್ರೆ ಇನ್ನೂ ಸುಲಭ!" ಅಂದರು ಡಾಕ್ಟರು.

ಟೀಚರು ಮುಂದಿನ ಪತ್ರಿಕೆಗೆ ಸೊನ್ನೆ ಹಾಕಿದರು. ಅದು ಹುಡುಗಿಗೋ ತಮಗೋ ಡಾಕ್ಟರಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಟೀಚರು ಸ್ಕೂಲಿಗೆ ಹೊರಟು ಗೇಟು ಹಾಕಿಕೊಂಡದ್ದೇ ತಡ, ಡಾಕ್ಟರು ರೈಫಲ್ಲನ್ನು ಅಡುಗೆಮನೆಗೆ ಸಾಗಿಸಿದರು. ಗುಂಡಿಲ್ಲ ಅಂತ ಎರಡೆರಡು ಸಲ ನೋಡಿದರು. ಹೆಂಡತಿ ಕಲಿಸಿದ್ದ ಪಾಠಗಳಲ್ಲಿ ಅವರು ತಪ್ಪದೆ ಪಾಲಿಸುತ್ತಿದ್ದದ್ದು ಅದೊಂದೇ. ನಳಿಗೆಯನ್ನು ತರಕಾರಿ ಹೆಚ್ಚುವ ಮಣೆಯ ಮೇಲಿಟ್ಟು, ಪಿನ್ನಿನ ತಲೆಗೆ ಒಂದು ಸಣ್ಣ ಉಕ್ಕಿನ ಕಡ್ಡಿ ಹಿಡಿದು, ಮೇಲಿಂದ ಸುತ್ತಿಗೆಯಲ್ಲಿ ಒಂದು ಏಟು ಬಿಟ್ಟರು. ಫಳಾರನೆ ಎರಡು ಹೋಳಾಯಿತು! ಪಿನ್ನಲ್ಲ, ಮಣೆ.

ಎರಡು ಹೋಳನ್ನೂ ಜೋಡಿಸಿ, ಏನೂ ಆಗೇ ಇಲ್ಲವೆಂಬಂತೆ ಗೋಡೆಗೆ ಒರಗಿಸಿಟ್ಟರು. ಮುಂದಿನ ಉಪಾಯ ತಣ್ಣಗಿನದು. ತಣ್ಣಗಾದರೆ ಲೋಹ ಕುಗ್ಗುತ್ತದೆ, ಕುಗ್ಗಿದರೆ ಪಿನ್ನು ಸಡಿಲವಾಗುತ್ತದೆ! ಇಷ್ಟು ವಿಜ್ಞಾನ ಅವರಿಗೆ ಕಾಲೇಜಿನಿಂದ ನೆನಪಿತ್ತು. ನಳಿಗೆಯ ತುದಿಯನ್ನು ಫ್ರಿಜ್ಜಿನ ಐಸ್ ಡಬ್ಬಿಗೆ ತುರುಕಿ, ಉಳಿದ ಮುಕ್ಕಾಲು ಬಂದೂಕನ್ನು ಹೊರಗೆ ಕುರ್ಚಿಯ ಮೇಲೆ ಮಲಗಿಸಿ, ಅರ್ಧ ತೆರೆದ ಬಾಗಿಲಿಗೆ ಟವೆಲು ಸುತ್ತಿ ಕಾದರು. ಇಪ್ಪತ್ತು ನಿಮಿಷದಲ್ಲಿ ಐಸು ಕರಗಿ ನೀರಾಯಿತು, ಬೆಣ್ಣೆ ಕರಗಿ ಎಣ್ಣೆಯಾಯಿತು. ಕರಗದೆ ಉಳಿದದ್ದು ಪಿನ್ನಿನ ಮನಸ್ಸೊಂದೇ.

ಒಂಬತ್ತೂವರೆಗೆ ಮುಂದಿನ ಕೋಣೆಯಿಂದ ಕ್ಲಿನಿಕ್ಕಿನ ಸಿಸ್ಟರ ಧ್ವನಿ ಕೇಳಿತು. "ಸಾರ್, ಪೇಷೆಂಟ್ಸು ಬಂದಿದಾರೆ!"

ಡಾಕ್ಟರ ಕ್ಲಿನಿಕ್ಕು ಮನೆಯ ಮುಂದಿನ ಎರಡು ಕೋಣೆಯಲ್ಲೇ ಇತ್ತು. ಹೊರಗಿನದು ಕಾಯುವವರಿಗೆ, ಒಳಗಿನದು ಕೀಳಿಸಿಕೊಳ್ಳುವವರಿಗೆ. ಹೊರಗೆ ಬೆಂಚಿನ ಮೇಲೆ ಐದಾರು ಜನ ಸಾಲಾಗಿ ಕೂತಿದ್ದರು. ಮೊದಲ ನಂಬರು ಲೇತ್ ಮೇಸ್ತ್ರಿಯದು. ಬೀದಿ ಕೊನೆಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷದಿಂದ ಕಬ್ಬಿಣ ಕಡೆಯುತ್ತಿದ್ದ ಗಟ್ಟಿ ಆಳು, ಇವತ್ತು ಒಂದು ದವಡೆ ಹಲ್ಲಿಗೆ ಸೋತು, ಕೆನ್ನೆ ಬನ್ನಿನ ಹಾಗೆ ಊದಿಸಿಕೊಂಡು ಬಂದಿದ್ದ.

ಡಾಕ್ಟರು ಹಲ್ಲು ನೋಡಿದರು, ಇಂಜೆಕ್ಷನ್ ಕೊಟ್ಟರು, ಕೆನ್ನೆಗೆ ಹತ್ತಿ ತುರುಕಿದರು.

"ಮರಗಟ್ಟೋಕೆ ಹತ್ತು ನಿಮಿಷ ಬೇಕು ಮೇಸ್ತ್ರಿ. ಅಲ್ಲೀವರೆಗೂ ಆ ಸ್ಟೂಲ್ ಮೇಲೆ ಕೂತಿರಿ. ಬಾಯಿ ಬಿಡಬಾರದು, ಮಾತಾಡಬಾರದು."

ಮೇಸ್ತ್ರಿ ತಲೆಯಾಡಿಸಿ ಸ್ಟೂಲಿಗೆ ಹೋದ. ಕುರ್ಚಿ ಖಾಲಿಯಾಯಿತು. ಹತ್ತು ನಿಮಿಷ ಖಾಲಿ ಕುರ್ಚಿ! ಮೇಲೆ ದೀಪ, ಪಕ್ಕದಲ್ಲಿ ಸಲಕರಣೆ, ತಲೆ ಹಿಡಿದು ಕೂರಿಸುವ ದಿಂಬು. ಹಟಮಾರಿ ವಸ್ತುಗಳನ್ನು ಕೀಳಲೆಂದೇ ಮಾಡಿದ ಸಿಂಹಾಸನ ಮನೆಯಲ್ಲೇ ಇರುವಾಗ ಅಡುಗೆಮನೆಯಲ್ಲಿ ಯಾಕೆ ಒದ್ದಾಡಿದೆ ಅಂತ ಡಾಕ್ಟರು ಹಣೆ ಚಚ್ಚಿಕೊಂಡು, ಒಳಗೆ ಓಡಿ, ರೈಫಲ್ಲನ್ನು ಹೊತ್ತು ತಂದು ಕುರ್ಚಿಯಲ್ಲಿ ಮಲಗಿಸಿದರು.

ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಕೈ ತನ್ನಷ್ಟಕ್ಕೆ ಅದರ ಕುತ್ತಿಗೆಗೆ ಹಸಿರು ಬಟ್ಟೆ ಕಟ್ಟಿತು.

"ಸ್ವಲ್ಪ ತಲೆ ಹಿಂದಕ್ಕೆ," ಅಂದರು. ರೈಫಲ್ಲು ಕೇಳಲಿಲ್ಲ. ತಾವೇ ದಿಂಬು ಸರಿಸಿದರು.

ಮೊದಲು ಎಕ್ಸ್‌ರೇ. ಒಳಗೆ ಪಿನ್ನು ಹೇಗೆ ಕೂತಿದೆ ಅಂತ ನೋಡದೆ ಕೈ ಹಾಕುವುದು ಒಳ್ಳೆ ಡಾಕ್ಟರ ಲಕ್ಷಣವಲ್ಲ. ಫಿಲ್ಮು ಬಂತು. ನಳಿಗೆಯೂ ಉಕ್ಕು, ಸೈಟೂ ಉಕ್ಕು, ಪಿನ್ನೂ ಉಕ್ಕು. ಫಿಲ್ಮಿನ ತುಂಬಾ ಹಾಲು ಚೆಲ್ಲಿದ ಹಾಗೆ ಬರೀ ಬಿಳುಪು.

"ಏನ್ ಸಾರ್ ಕಾಣ್ತಿದೆ?" ಅಂದರು ಸಿಸ್ಟರು.

"ಕೇಸು ಸೀರಿಯಸ್ಸು," ಅಂದರು ಡಾಕ್ಟರು. "ಗಟ್ಟಿಯಾಗಿ ಹಿಡ್ಕೊಳ್ಳಿ. ಅಲ್ಲಾಡೋಕೆ ಬಿಡಬೇಡಿ!"

ಠಣ್! ಠಣ್!

ಸ್ಟೂಲಿನ ಮೇಲೆ ಮೇಸ್ತ್ರಿಯ ಕಣ್ಣು ಅಗಲವಾಯಿತು. "ಉಂ!" ಅಂದ.

"ನೋವಾ ಮೇಸ್ತ್ರಿ? ಈಗ ಕಮ್ಮಿಯಾಗುತ್ತೆ." ಠಣ್!

"ಉಂ! ಉಂಉಂಉಂ!" ಮೇಸ್ತ್ರಿ ಕೈ ಎತ್ತಿ ಆ ಕಡೆ, ಆ ಕಡೆ ಅಂತ ಬೀಸಿದ.

"ಆ ಕಡೆ ಕೆನ್ನೆಗೂ ಬಂತಾ?" ಡಾಕ್ಟರು ಸುತ್ತಿಗೆ ಕೆಳಗಿಟ್ಟು ಆ ಕಡೆ ಕೆನ್ನೆಗೂ ಒಂದು ಉಂಡೆ ಹತ್ತಿ ತುರುಕಿದರು. ಇದ್ದ ಅರ್ಧ ಮಾತೂ ನಿಂತುಹೋಯಿತು.

ಇಷ್ಟೂ ಒಳಗಿನ ಕಥೆ. ಈಗ ಬಾಗಿಲಾಚೆ ಬೆಂಚಿನ ಮೇಲೆ ಕೂತವರ ಕಿವಿಗೆ ಬಿದ್ದದ್ದು ಏನು ಅಂತ ಸ್ವಲ್ಪ ಕೇಳಿ.

ಠಣ್! ಠಣ್!

"ಉಂ... ಉಂಉಂ!"

"ಬರ್ತಾ ಇಲ್ವಲ್ಲ ಸಿಸ್ಟರ್! ಇನ್ನೂ ದೊಡ್ಡ ಸುತ್ತಿಗೆ ಕೊಡಿ."

"ಕಲ್ಲಿದ್ದಲು ಒಡೆಯೋದು ಇದೆ ಸಾರ್, ಹಿತ್ತಿಲಲ್ಲಿ. ತರ್ಲಾ?"

"ತನ್ನಿ. ಹಾಗೇ ಬೆಂಕಿಪೊಟ್ಟಣಾನೂ ತನ್ನಿ. ಕಾಯಿಸಿ ಕೀಳೋಣ!"

"ಉಂಉಂಉಂಉಂ!"

"ಸುಮ್ನಿರಿ ಮೇಸ್ತ್ರಿ! ಕಾಯಿಸಿದ್ರೂ ಬರಲಿಲ್ಲ ಅಂದ್ರೆ ಗರಗಸ ಇದ್ದೇ ಇದೆ."

ಬೆಂಚಿನ ಮೇಲೆ ಟೈ ಕಟ್ಟಿಕೊಂಡು ಕೂತಿದ್ದ ಒಬ್ಬ ಯುವಕ ಎದ್ದು ನಿಂತ. ಅವನು ಬರೀ ಹಲ್ಲು ಪಾಲಿಶ್ ಮಾಡಿಸಲು ಬಂದಿದ್ದ. "ನನ್ನ ಹಲ್ಲು ಇಷ್ಟು ಬೆಳ್ಳಗಿರೋದೇ ಜಾಸ್ತಿ," ಅಂದವನೇ ಮಾಯ! ಅವನ ಹಿಂದೆ ಮಗಳ ಕೈ ಹಿಡಿದುಕೊಂಡಿದ್ದ ತಾಯಿ. "ಹಾಲುಹಲ್ಲು ತಾನಾಗೇ ಬೀಳುತ್ತೆ ಬಾ ಪುಟ್ಟಿ!" ಆಮೇಲೆ ಒಬ್ಬ ಗಟ್ಟಿಮುಟ್ಟಾದ ಪೊಲೀಸಿನವನು ಏನೂ ಹೇಳದೆ ಟೋಪಿ ಹಾಕಿಕೊಂಡು ಹೋದ.

ಉಳಿದದ್ದು ಹಲ್ಲುಸೆಟ್ಟು ಸಡಿಲವಾಗಿದೆ ಅಂತ ಬಂದಿದ್ದ ಒಬ್ಬ ಅಜ್ಜಿ. ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಆರಾಮಾಗಿ ಕೂತಿದ್ದರು.

"ನಂಗೆ ಕೀಳೋಕೆ ಹಲ್ಲೇ ಇಲ್ಲ, ನಂಗೇನು ಭಯ!"

ಅಷ್ಟರಲ್ಲಿ ಅಜ್ಜಿಯ ಪಕ್ಕದ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಸಿಸ್ಟರು ಹಿತ್ತಿಲಲ್ಲಿ ಸುತ್ತಿಗೆ ಹುಡುಕುತ್ತಿದ್ದರು. ಡಾಕ್ಟರೇ ಬೆವರು ಒರೆಸಿಕೊಳ್ಳುತ್ತಾ ಬಂದು ಎತ್ತಿದರು. ಆ ಕಡೆ ಟೀಚರು.

"ರೀ, ನನ್ನ ಸೈಟಿನ ತಂಟೆಗೆ ಹೋಗಿಲ್ಲ ತಾನೇ?"

"ಛೇ ಛೇ! ನಿನ್ನ ಸೈಟು ಇದ್ದ ಜಾಗದಲ್ಲೇ ಇದೆ ಕಣೇ. ಕೂದಲೆಳೆಯಷ್ಟೂ ಅಲ್ಲಾಡಿಲ್ಲ!"

ಬೆಳಗಿನಿಂದ ಅವರು ಆಡಿದ ಮಾತುಗಳಲ್ಲಿ ಅಪ್ಪಟ ಸತ್ಯ ಅಂದರೆ ಅದೊಂದೇ. ಫೋನಿಟ್ಟು ನಿಟ್ಟುಸಿರು ಬಿಟ್ಟರು.

"ಸೈಟು ಹೆಂಡ್ತಿ ಹೆಸ್ರಿಗೆ ಮಾಡ್ಸಿದ್ದೀಯಾ? ಒಳ್ಳೇದು ಮಾಡ್ದೆ ಕಣಪ್ಪ," ಅಂದರು ಅಜ್ಜಿ. "ಎಷ್ಟಡಿ ಬರುತ್ತೆ?"

"ಅಡಿ ಅಲ್ಲಜ್ಜಿ. ಅರ್ಧ ಇಂಚು."

"ಅರ್ಧ ಇಂಚಿಗೆ ಇಷ್ಟು ಬಡಿದಾಟವಾ! ನನ್ನ ತಮ್ಮಂದೂ ಇದೇ ಕಥೆ. ಪಕ್ಕದವನು ಗೋಡೆ ಒತ್ತಿ ಕಟ್ಟಿದ ಅಂತ ಹನ್ನೆರಡು ವರ್ಷ ಕೋರ್ಟಿಗೆ ಅಲೆದ. ರಾಜಿ ಮಾಡ್ಕೋ ಮಗಾ. ಬಿಟ್ಟುಬಿಡು."

"ಬಿಡೋದು ನಾನಲ್ಲಜ್ಜಿ, ಅದು!" ಅಂತ ಡಾಕ್ಟರು ಮತ್ತೆ ಒಳಗೆ ನುಗ್ಗಿದರು.

ಒಳಗೆ ಮೇಸ್ತ್ರಿ ಬೇರೆಯೇ ಸಿದ್ಧತೆ ನಡೆಸಿದ್ದ. ಔಷಧಿ ಬರೆಯುವ ಚೀಟಿಯ ಹಿಂದೆ ಪೆನ್ಸಿಲ್ಲಿನಿಂದ ಒಂದು ಚಿತ್ರ ಬರೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನಿಂತಿದ್ದ. ಒಂದು ಕಡೆ ದಪ್ಪ, ಬರಬರುತ್ತಾ ಇನ್ನೊಂದು ಕಡೆಗೆ ಸಣ್ಣ. ಸಣ್ಣ ಕಡೆಗೆ ಒಂದು ಬಾಣದ ಗುರುತು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೇಲೆ ದಪ್ಪ, ಕೆಳಗೆ ಸಣ್ಣ.

"ಅಬ್ಬಾ! ಹಲ್ಲು ಎಷ್ಟು ಚೆನ್ನಾಗಿ ಬರೆದಿದ್ದೀರಿ ಮೇಸ್ತ್ರಿ! ಬೇರಿನ ಹತ್ರ ನೋವು ಅಂತ ಬಾಣ ಬೇರೆ ಹಾಕಿದ್ದೀರಿ. ಇಂಥಾ ಪೇಷೆಂಟು ನನಗೆ ಸಿಕ್ಕೇ ಇರಲಿಲ್ಲ!"

ಮೇಸ್ತ್ರಿ ಚೀಟಿ ಹಿಡಿದ ಎರಡೂ ಕೈಯನ್ನು ಕೆಳಗಿಳಿಸಿ ಗೋಡೆಯ ಕಡೆ ತಿರುಗಿ ಒಂದು ನಿಮಿಷ ನಿಂತ. ಅವನ ಭುಜ ಕುಲುಕುತ್ತಿತ್ತು. ನಗುವೋ ಅಳುವೋ ಹೇಳುವುದು ಕಷ್ಟ.

ಸಿಸ್ಟರು ಸುತ್ತಿಗೆ ತಂದರು. ಡಾಕ್ಟರು ಸ್ಪಿರಿಟ್ ದೀಪ ಹಚ್ಚಿ ಸೈಟನ್ನು ಕಾಯಿಸಿದರು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು. ಕೋಣೆಯ ತುಂಬಾ ಹೊಗೆ! ಕಣ್ಣೊರೆಸಿಕೊಂಡು, ದೊಡ್ಡ ಸುತ್ತಿಗೆ ಎತ್ತಿ, ಎಡಗಡೆಯಿಂದ ಪಿನ್ನಿನ ತಲೆಗೆ ಏಳು ಏಟು ಕೊಟ್ಟರು. ಏಳನೇ ಏಟಿಗೆ ಉಕ್ಕಿನ ಕಡ್ಡಿ ಬಾಗಿ ಕೊಕ್ಕೆಯಾಯಿತು. ಪಿನ್ನು ಅಲ್ಲಾಡಲಿಲ್ಲ ಅನ್ನುವುದಿರಲಿ, ಮೊದಲಿಗಿಂತ ಎರಡು ಕೂದಲೆಳೆ ಒಳಗೆ ಹೋಗಿ ಭದ್ರವಾಗಿ ಕೂತಿತ್ತು!

ಡಾಕ್ಟರು ಸುತ್ತಿಗೆ ಕೆಳಗಿಟ್ಟರು. ಗಡಿಯಾರ ನೋಡಿದರು. ಹನ್ನೊಂದೂ ಮುಕ್ಕಾಲು. ಒಂದೂವರೆಗೆ ಟೀಚರು ಬರುತ್ತಾರೆ. ಕ್ಲಬ್ಬಿನ ರಿಪೇರಿಯವರಿಗೂ ಇನ್ನು ಇದನ್ನು ತೆಗೆಯಲು ಆಗದೇ ಹೋದರೆ? ಮೂರು ವರ್ಷ ಕಾದ ಸ್ಪರ್ಧೆ ನಾಳೆ. ಆಕೆ ಬೈಯುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಸುಮ್ಮನೆ ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುತ್ತಾಳೆ. ಆ ಮುಚ್ಚಳದ ಸದ್ದು ಈಗಲೇ ಕಿವಿಯಲ್ಲಿ ಕೇಳಿದಂತಾಗಿ ಡಾಕ್ಟರು ತಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು.

"ಸಿಸ್ಟರ್, ನನ್ನ ಕೈಲಾಗಲ್ಲ," ಅಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯ ಗೋಡೆಗಳು ಈ ಮಾತನ್ನು ಮೊದಲ ಸಲ ಕೇಳಿದವು.

ಮೇಸ್ತ್ರಿ ಮುಂದೆ ಬಂದ. ಎರಡೂ ಕೆನ್ನೆಯಲ್ಲಿ ಹತ್ತಿ ಹಾಗೇ ಇತ್ತು. ಡಾಕ್ಟರ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ರೈಫಲ್ಲಿನ ಕುತ್ತಿಗೆಯ ಹಸಿರು ಬಟ್ಟೆ ಬಿಚ್ಚಿದ. ರೈಫಲ್ಲನ್ನೇ ಮಗುಚಿ ಹಾಕಿದ. ಎಡಗಡೆ ಕೆಳಗೆ ಹೋಯಿತು, ಬಲಗಡೆ ಮೇಲೆ ಬಂತು. ಟ್ರೇಯಿಂದ ಒಂದು ಮೊಂಡು ಕಡ್ಡಿ ಆರಿಸಿ, ಸಣ್ಣ ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟ.

ಟಿಣ್!

ಪಿನ್ನು ಹಾರಿ ದೀಪಕ್ಕೆ ಬಡಿದು, ಬಾಯಿ ಮುಕ್ಕಳಿಸಿ ಉಗುಳುವ ಬೇಸಿನ್ನಿಗೆ ಬಿದ್ದು, ನೀರಿನ ಜೊತೆ ಗಿರಗಿರನೆ ಸುತ್ತತೊಡಗಿತು. "ಹೋಯ್ತು ಹೋಯ್ತು!" ಅಂತ ಡಾಕ್ಟರು ಚೀರುವಷ್ಟರಲ್ಲಿ ಸಿಸ್ಟರು ಕೈ ಹಾಕಿ ಹಿಡಿದೇಬಿಟ್ಟರು. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಡಾಕ್ಟರ ಮೂಗಿನ ಕೆಳಗೆ ಹಿಡಿದ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಥೇಟ್ ಚೀಟಿಯ ಮೇಲಿದ್ದ ಚಿತ್ರ!

ಆಮೇಲೆ ಎರಡೂ ಕೆನ್ನೆಯಿಂದ ಹತ್ತಿ ಕಿತ್ತು ಬಿಸಾಕಿದ.

"ಬೆಳಿಗ್ಗೆಯಿಂದ ಬಡ್ಕೋತಾ ಇದೀನಿ ಡಾಕ್ಟ್ರೇ! ದಪ್ಪ ಕಡೆಯಿಂದ ಹೊಡೆದಷ್ಟೂ ಒಳಗೆ ಬಿಗಿ ಆಗುತ್ತೆ. ಸಣ್ಣ ಕಡೆಯಿಂದ ತಟ್ಟಿದ್ರೆ ತಾನೇ ಬರುತ್ತೆ. ನೀವು ಎರಡು ಗಂಟೆ ಹೊತ್ತು ಅದನ್ನ ಕೀಳ್ತಾ ಇರ್ಲಿಲ್ಲ, ಹೊಡೆದು ಕೂರಿಸ್ತಾ ಇದ್ರಿ!"

ಮರಗಟ್ಟಿದ ನಾಲಗೆಯಲ್ಲಿ ಅರ್ಧ ಅಕ್ಷರ ಉದುರಿಹೋದರೂ ಡಾಕ್ಟರಿಗೆ ಪೂರ್ತಿ ಅರ್ಥವಾಯಿತು.

"ಒಂದು ಮಾತು ಕೇಳ್ಲಾ ಡಾಕ್ಟ್ರೇ? ನನ್ನ ಹಲ್ಲು ಯಾವ ಕಡೆಯಿಂದ ಕೀಳಬೇಕು ಅಂತ ಗೊತ್ತು ತಾನೇ?"

ಸಿಸ್ಟರು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದರು.

ಡಾಕ್ಟರು ಕೈ ತೊಳೆದರು. ಮರಗಟ್ಟಿದ್ದು ಇಳಿಯುತ್ತಾ ಬಂದಿತ್ತು, ಇನ್ನೊಂದು ಚೂರು ಇಂಜೆಕ್ಷನ್ ಕೊಟ್ಟರು. ಕಾದರು, ಈ ಸಲ ಕೈ ಕಟ್ಟಿಕೊಂಡು. ಮೇಸ್ತ್ರಿ ಕುರ್ಚಿಯ ಹಿಡಿ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಲು ಹೋಗಿ, ಬಾಯಿ ತೆರೆದಿರಬೇಕು ಅಂತ ನೆನಪಾಗಿ ಬಿಟ್ಟ. ಡಾಕ್ಟರ ಮಣಿಕಟ್ಟು ಒಂದು ಸಲ ಒಳಗೆ, ಒಂದು ಸಲ ಹೊರಗೆ, ಬೀಗದ ಕೈ ತಿರುಗಿಸಿದಷ್ಟು ಹಗುರವಾಗಿ ಆಡಿತು.

"ಶುರು ಮಾಡಿ ಡಾಕ್ಟ್ರೇ. ತಯಾರಾಗಿದೀನಿ."

"ಆಯ್ತು, ಏಳಿ."

"ಏನಾಯ್ತು?"

ಡಾಕ್ಟರು ಹಲ್ಲನ್ನು ಟ್ರೇಯಲ್ಲಿ ತೋರಿಸಿದರು. ಮೇಸ್ತ್ರಿ ಒಮ್ಮೆ ಹಲ್ಲು ನೋಡಿದ, ಒಮ್ಮೆ ಡಾಕ್ಟರ ಕೈ ನೋಡಿದ. "ಗೊತ್ತೇ ಆಗ್ಲಿಲ್ವಲ್ರೀ!" ಅಂತ ಎರಡೂ ಕೈ ಜೋಡಿಸಿಬಿಟ್ಟ. ಅಜ್ಜಿ ಬಾಗಿಲಲ್ಲಿ ಇಣುಕಿ, "ರಾಜಿ ಆಯ್ತೇನಪ್ಪಾ?" ಅಂದರು.

ಆ ಕೈಮುಗಿತ ಎಲ್ಲಾ ಕೆಡಿಸಿತು! ಇಷ್ಟು ಹೊತ್ತು ನೆಲ ಕಚ್ಚಿದ್ದ ಡಾಕ್ಟರ ಜಂಬ ಮೈ ಕೊಡವಿಕೊಂಡು ಎದ್ದಿತು. "ಹೊಸ ಸೈಟು ನಾನು ಕೂರಿಸಿ ಹೋಗ್ಲಾ?" ಅಂತ ಮೇಸ್ತ್ರಿ ಕೇಳಿದರೆ, "ನೀವು ಹತ್ತಿ ಕಚ್ಚಿಕೊಂಡು ಮನೇಲಿ ಮಲಗಿ. ಕೂರಿಸೋದು ಎಷ್ಟೊತ್ತಿನ ಕೆಲಸ!" ಅಂದು ಕಳಿಸಿಬಿಟ್ಟರು. ಅಜ್ಜಿಯ ಸೆಟ್ಟು ಸರಿಮಾಡಿ ಕೊಟ್ಟು, ಬಾಗಿಲು ಹಾಕಿ, ಹೊಸ ಸೈಟಿಟ್ಟು, ಪಿನ್ನು ತೂರಿಸಿ, ತಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದರು. ನೆಟ್ಟಗಿತ್ತು. ಅವರ ಪ್ರಕಾರ.

ಒಂದೂವರೆಗೆ ಟೀಚರು ಬಂದರು. ಅಡುಗೆಮನೆಗೆ ಹೋದರು. ಮಣೆಯ ಅರ್ಧ ಭಾಗವನ್ನು ಕೈಯಲ್ಲಿ ಹಿಡಿದು ವಾಪಸು ಬಂದರು. ರೈಫಲ್ಲು ಎತ್ತಿ ತುದಿ ನೋಡಿದರು.

"ಮುಟ್ಟಬೇಡಿ ಅಂದಿದ್ದೆ."

"ನೋಡು ಹೇಗೆ ಕೂತಿದೆ! ಕ್ಲಬ್ಬಿನವರ ಕೈಲಿ ಆಗ್ತಿತ್ತಾ?"

"ನೀವೊಬ್ರೇ ತೆಗೆದ್ರಾ?"

"ಒಬ್ಬನೇ ಅಂದ್ರೆ... ನಮ್ಮ ಕುರ್ಚೀಲೇ ಆಯ್ತು," ಅಂತ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಟೀಚರು ಸಣ್ಣಗೆ ನಕ್ಕು, ರೈಫಲ್ಲನ್ನು ಪೆಟ್ಟಿಗೆಗೆ ಇಟ್ಟರು. ಆ ಸಂಜೆ ಕ್ಲಬ್ಬಿನಲ್ಲಿ ಸ್ಪರ್ಧೆಗೆ ಅಣಿ ಮಾಡುತ್ತಿದ್ದರಿಂದ ಹೊಡೆದು ನೋಡಲು ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ, ಕ್ಲಬ್ಬಿನ ಉದ್ದನೆಯ ಹಾಲು. ಒಂದು ತುದಿಯಲ್ಲಿ ಸಾಲಾಗಿ ಹೆಂಗಸರು, ಇನ್ನೊಂದು ತುದಿಯಲ್ಲಿ ಸಾಲಾಗಿ ಕಾಗದ. ಡಾಕ್ಟರು ಬೆಂಚಿನ ತುದಿಯಲ್ಲಿ ಕೂತಿದ್ದರು. ಲೆಕ್ಕಕ್ಕೆ ಸೇರದ ಅಭ್ಯಾಸದ ಗುಂಡು ಮೊದಲು. ಟೀಚರು ಹೊಡೆದರು. ಟಪ್! ಕರಿಚುಕ್ಕೆಯ ಬಲಕ್ಕೆ. ಎರಡನೆಯದು, ಇನ್ನೂ ಬಲಕ್ಕೆ. ಮೂರನೆಯದು ಚುಕ್ಕೆಯನ್ನೇ ಬಿಟ್ಟು ಬಿಳಿ ಕಾಗದಕ್ಕೆ!

ಡಾಕ್ಟರು ಕನ್ನಡಕ ಒರೆಸಿ ನೋಡಿದರು. ಅಷ್ಟು ದೂರದಿಂದಲೂ ಈಗ ಕಾಣುತ್ತಿತ್ತು, ಸೈಟು ಎಡಕ್ಕೆ ಒಂಚೂರು ವಾಲಿತ್ತು. ಎದ್ದು ನಿಂತು ಎಲ್ಲರೆದುರು ಕೂಗಿಬಿಡಲೇ ಅನ್ನಿಸಿತು. ತಪ್ಪು ಅವಳದಲ್ಲ, ನನ್ನದು!

ಟೀಚರು ತಿರುಗಿ ಗಂಡನ ಮುಖವನ್ನು ಒಂದೇ ಸಲ ನೋಡಿದರು. ಅಲ್ಲಿ ಉತ್ತರ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಳಿಗೆಯ ಈಚೆ, ಕಣ್ಣಿನ ಹತ್ತಿರ ಇರುವ ಹಿಂಬದಿ ಸೈಟಿನ ತಿರುಪನ್ನು ಹೋಗುವಷ್ಟು ತಿರುಗಿಸಿದರು, ಅದೂ ಸಾಲದೆ ನಳಿಗೆಯನ್ನು ಎಡಕ್ಕೆ ಒಂದು ಎಳೆ ಸರಿಸಿ ಹಿಡಿದು, ಉಸಿರು ಕಟ್ಟಿದರು. ಟಪ್! ಚುಕ್ಕೆಯ ನಟ್ಟನಡುವೆ. ಟಪ್! ಅದೇ ತೂತಿಗೆ. ಆಮೇಲೆ ಹೊಡೆದ ಒಂದೊಂದು ಗುಂಡಿಗೂ ಡಾಕ್ಟರು ಮೊಣಕಾಲು ಹಿಂಡಿಕೊಂಡ ರಭಸಕ್ಕೆ ಪ್ಯಾಂಟಿನ ಇಸ್ತ್ರಿ ಹಾಳಾಯಿತು.

ಮೊದಲ ಸ್ಥಾನ! ಮೂರು ವರ್ಷ ಗೆದ್ದಾಕೆಗಿಂತ ಎರಡು ಅಂಕ ಹೆಚ್ಚು!

ಕಪ್ಪು ಹಿಡಿದು ಬಂದ ಹೆಂಡತಿಯ ಮುಂದೆ ಡಾಕ್ಟರು ಎಲ್ಲಾ ಕಕ್ಕಿಬಿಟ್ಟರು. ಮಣೆ, ಫ್ರಿಜ್ಜು, ಎಕ್ಸ್‌ರೇ, ಮೇಸ್ತ್ರಿಯ ಹತ್ತಿ, ಯಾವುದನ್ನೂ ಬಿಡಲಿಲ್ಲ. ಟೀಚರು ನಕ್ಕು ನಕ್ಕು ಕಪ್ಪಿನಲ್ಲೇ ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಕ್ಲಬ್ಬಿನ ಕೋಚು ಬಂದು, ರೈಫಲ್ಲಿನ ತುದಿ ನೋಡಿ ದಂಗಾದರು.

"ಮೇಡಂ, ಸೈಟು ಇಷ್ಟು ಸೊಟ್ಟ ಇದೆ! ಮೂರೇ ಗುಂಡಲ್ಲಿ ಹೇಗೆ ಲೆಕ್ಕ ಹಿಡಿದ್ರಿ?"

"ಅದೇನು ಕಷ್ಟ ಸಾರ್!" ಅಂದರು ಟೀಚರು. "ನಮ್ಮನೇಲಿ ಫೋಟೋಗಳಿಗೆ ಮೊಳೆ ಹೊಡೆದಿರೋದೆಲ್ಲಾ ಇವರೇ. ಹದಿನೆಂಟು ವರ್ಷದಿಂದ ತಲೆ ಒಂಚೂರು ಎಡಕ್ಕೆ ವಾಲಿಸಿಕೊಂಡೇ ನೋಡ್ತಾ ಇದೀನಿ!"